ಆಲಿಕಲ್ಲು ಬಿದ್ದ ದಿನ ಕಾಕನ ಫ್ರೀಜರ್

ಬಕಾಲದ ಕಾಕನ ಮೊಣಕೈಯಲ್ಲಿ ಯಾವಾಗಲೂ ಒಂದೆರಡು ಮೀನಿನ ಹುರುಪೆ ಅಂಟಿಕೊಂಡಿರುತ್ತಿತ್ತು. ಶುಕ್ರವಾರದ ಜುಮಾ ನಮಾಜಿಗೆ ಇಸ್ತ್ರಿ ಮಾಡಿದ ಜುಬ್ಬಾ ಹಾಕಿ, ಅತ್ತರು ಹಚ್ಚಿ ಹೊರಟರೂ ಸರಿ, ತೋಳು ಮಡಚಿದರೆ ಅಲ್ಲೊಂದು ಮಿನುಗುತ್ತಿತ್ತು. ಸಮುದ್ರ ಎಲ್ಲೋ, ಸೌದಿಯ ಒಳನಾಡಿನ ಹಾಯಿಲ್ ಎಲ್ಲೋ. ಅಲ್ಲಿಯೂ ಪೇಟೆಯಿಂದಾಚೆ, ಆಲೂಗಡ್ಡೆ ತೋಟಗಳ ನಡುವಿನ ಕಿರಾಣಿ ಅಂಗಡಿಯಲ್ಲಿ ಭಟ್ಕಳದ ಈ ಹಿರಿಯರು ಮೀನು ಮಾರುತ್ತಿದ್ದರು. ಕಿರಾಣಿ ಅಂಗಡಿಗೆ ಅಲ್ಲಿ ಬಕಾಲ ಎನ್ನುತ್ತಾರೆ. ನಾನು ಉಡುಪಿ ಕಡೆಯವನು, ಪಕ್ಕದ ತೋಟದಲ್ಲಿ ಸೂಪರ್‌ವೈಸರ್.

ದಮ್ಮಾಮ್ ಬಂದರಿನಿಂದ ಬರುವ ಲಾರಿಯಲ್ಲಿ ಕಾಕ ಅಂಜಲ್, ಬಂಗುಡೆ ತರಿಸುತ್ತಿದ್ದರು. ಗುರುವಾರ ಸಂಜೆ ಸುತ್ತಮುತ್ತ ಇದ್ದ ಕರಾವಳಿಯವರೆಲ್ಲ ಅಲ್ಲಿ ಸೇರುತ್ತಿದ್ದೆವು. ಈಗಲೂ ಗುರುವಾರ ಸಂಜೆಯಾದರೆ ನನ್ನ ಕಾಲು ಆ ಕಡೆಗೇ ಎಳೆಯುತ್ತದೆ. ಮೀನಿಟ್ಟ ಫ್ರೀಜರಿನ ಮುಚ್ಚಳ ತೆಗೆಯುವ ಹಕ್ಕು ಮಾತ್ರ ಕಾಕ ಒಬ್ಬರದೇ. ಯಾರಾದರೂ ಕೈ ಹಾಕಿದರೆ, "ಅದೆಂತ ನಿನ್ನ ಅತ್ತೆ ಮನೆ ಕಪಾಟಾ?" ಎನ್ನುವರು. ಕರೆಂಟು ಹೋದರಂತೂ ಅದಕ್ಕೆ ಕಂಬಳಿ ಹೊದಿಸಿ, ಹಿಂಬದಿಯ ಹಳೇ ಜನರೇಟರ್ ಶುರು ಮಾಡಿ, ತಾವೇ ಮುಚ್ಚಳದ ಮೇಲೆ ಕೂತುಬಿಡುತ್ತಿದ್ದರು. ಕೆಮ್ಮುವ ಮಕ್ಕಳಿಗೆ, ಎಷ್ಟು ಅತ್ತರೂ, ಐಸ್‌ಕ್ರೀಮ್ ಕೊಡುತ್ತಿರಲಿಲ್ಲ. ನನ್ನ ಪುಟ್ಟ ಮಗಳಿಗೆ ಉಬ್ಬಸವಿದ್ದುದರಿಂದ ಅವಳು ಅವರ ಮೇಲೆ ಸದಾ ಮುನಿಸಿಕೊಂಡೇ ಇರುತ್ತಿದ್ದಳು.

ಆ ವರ್ಷ ರಂಜಾನ್ ಹತ್ತಿರವಾಗಿತ್ತು, ಫ್ರೀಜರ್ ಭರ್ತಿಯಾಗಿತ್ತು. ಇಳಿಹೊತ್ತಿನ ಅಸರ್ ನಮಾಜಿನ ನಂತರ ಕೆಂಪು ಧೂಳಿನ ಗಾಳಿ ಎದ್ದಿತು, ಅದರ ಬೆನ್ನಿಗೇ ನಿಂಬೆಹಣ್ಣಿನ ಗಾತ್ರದ ಆಲಿಕಲ್ಲು. ತಗಡಿನ ಮಾಡಿನ ಸದ್ದಿಗೆ ಪಕ್ಕದವರ ಮಾತೂ ಕೇಳುತ್ತಿರಲಿಲ್ಲ. ತೋಟದುದ್ದಕ್ಕೂ ಕರೆಂಟು ಕಂಬಗಳು ಸಾಲಾಗಿ ಮಲಗಿದವು. ಒಣಹಳ್ಳದಲ್ಲಿ ನೀರು ನುಗ್ಗಿ ಆಸ್ಪತ್ರೆಯ ದಾರಿ ಮುಚ್ಚಿತು. ಧೂಳಿಗೆ ಮಗಳ ಉಬ್ಬಸ ಏರಿತು. ಮದ್ದನ್ನು ಹಬೆಯಾಗಿ ಕೊಡುವ ನೆಬ್ಯುಲೈಸರ್ ಮನೆಯಲ್ಲಿತ್ತು, ಕರೆಂಟಿರಲಿಲ್ಲ. ಆಲಿಕಲ್ಲು ನಿಂತದ್ದೇ ತಡ, ತುಟಿ ನೀಲಿಗಟ್ಟುತ್ತಿದ್ದ ಮಗುವನ್ನೂ ನೆಬ್ಯುಲೈಸರನ್ನೂ ಎತ್ತಿಕೊಂಡು ನಾನೂ ಹೆಂಡತಿಯೂ ಬಕಾಲಕ್ಕೆ ಓಡಿದೆವು.

ಕಾಕ ಫ್ರೀಜರನ್ನೂ ನೆಬ್ಯುಲೈಸರನ್ನೂ ಜನರೇಟರಿಗೆ ಒಟ್ಟಿಗೆ ಹಾಕಿ ನೋಡಿದರು. ಫ್ರೀಜರ್ ಗುರ್ ಎಂದೊಡನೆ ಜನರೇಟರ್ ನಿಂತೇ ಹೋಯಿತು. ಹಗ್ಗ ಎಳೆದೂ ಎಳೆದೂ ಅದನ್ನು ಮತ್ತೆ ಎಬ್ಬಿಸಿ, ಫ್ರೀಜರಿನ ಪ್ಲಗ್ ಕಿತ್ತರು. ಮದ್ದು ಒಳಗೆ ಹೋಗಿ ಮಗಳು ಸ್ವಲ್ಪ ಸುಧಾರಿಸಿದಳು. ನನಗೆ ಸಂಕೋಚ.

"ಕಾಕಾ, ಇನ್ನೊಮ್ಮೆ ಮದ್ದು ಕೊಡುವವರೆಗೆ ಫ್ರೀಜರಿಗೆ ಹಾಕಿ" ಎಂದೆ.

"ಹಾಕಿ, ಇದು ಪುನಃ ನಿಂತ್ರೆ ಎಂತ ಮಾಡ್ತಿ? ಸುಮ್ನೆ ಕೂತ್ಕೋ ಮಾರಾಯ. ಮೀನಿಗೆ ಉಸಿರಾಡ್ಲಿಕ್ಕೆ ಇಲ್ಲ."

ಹಾಗೆಂದು ಹೊರಗೆ ನೋಡಿದವರಿಗೆ ಒಂದು ಉಪಾಯ ಹೊಳೆಯಿತು. ತೋಟದ ಕೆಲಸದವರನ್ನು ಕರೆದು, "ಯಲ್ಲಾ, ಬೇಗ ಬಕೆಟ್ ತನ್ನಿ" ಎಂದರು. ಕೆಲಸದವರು ಅಂಗಳದಲ್ಲಿ ಬಿದ್ದಿದ್ದ ಆಲಿಕಲ್ಲನ್ನೆಲ್ಲ ಸಲಿಕೆಯಲ್ಲಿ ಬಾಚಿ ಮೀನಿನ ಮೇಲೆ ಸುರಿದರು, ಅದರ ಜೊತೆಗೆ ನೆಲದ ಮರಳೂ ಹೋಯಿತು. ಯಾರಿಗೂ ಮುಟ್ಟಲು ಬಿಡದ ಆ ಮುಚ್ಚಳವನ್ನು ಅಂದು ಸಿಕ್ಕಸಿಕ್ಕವರೆಲ್ಲ ತೆರೆದರು. ಕಾಕ ಅತ್ತ ತಿರುಗಿಯೂ ನೋಡಲಿಲ್ಲ, ಮಗಳ ಬೆನ್ನು ನೀವುತ್ತ ಕೂತಿದ್ದರು.

ಕರೆಂಟು ಬಂದದ್ದು ಮರುದಿನ. ಮೀನು ಕೆಟ್ಟಿರಲಿಲ್ಲ, ಮಾರುವ ಹಾಗೂ ಇರಲಿಲ್ಲ. ಅಷ್ಟನ್ನೂ ಸಾರು ಮಾಡಿ ಎಲ್ಲರನ್ನೂ ಕರೆದು ಬಡಿಸಿದರು. ಎಷ್ಟು ತೊಳೆದಿದ್ದರೂ ಮರಳು ಹಲ್ಲಿಗೆ ಕರಕರ ಸಿಗುತ್ತಿತ್ತು. "ಸೌದಿಯ ಮಸಾಲೆ, ತಿನ್ನಿ" ಎಂದು ನಕ್ಕರು. ಎಲ್ಲರೂ ನಕ್ಕರು. ನನಗೆ ಮಾತ್ರ ಅವರನ್ನು ತಬ್ಬಿಕೊಂಡು ಅಳಬೇಕೆನಿಸಿತ್ತು, ಅಳಲಿಲ್ಲ.

ಕೆಲವು ವರ್ಷಗಳ ಮೇಲೆ ಮಂಡಿನೋವು ಹೆಚ್ಚಾಗಿ ಕಾಕ ಅಂಗಡಿ ಬಿಟ್ಟು ಭಟ್ಕಳಕ್ಕೆ ಹೋದರು. ಕಳೆದ ಚಳಿಗಾಲದಲ್ಲಿ ಅವರು ತೀರಿಕೊಂಡ ಸುದ್ದಿ ಬಂತು. ನನ್ನೆತ್ತರಕ್ಕೆ ಬೆಳೆದಿರುವ ಮಗಳು ಮೊಬೈಲು ಬದಿಗಿಟ್ಟು ನನ್ನ ಕಡೆ ತಿರುಗಿದಳು.

"ಅಪ್ಪಾ, ಆವತ್ತು ಕಾಕ ಇಲ್ದಿದ್ರೆ ನಾನು ಇರ್ತಿರ್ಲಿಲ್ವಾ?"

"ಇರ್ತಿರ್ಲಿಲ್ಲ" ಎಂದೆ.

ಅಷ್ಟು ವರ್ಷ ಆ ಮಾತನ್ನು ನಾನೂ ಹೆಂಡತಿಯೂ ಒಬ್ಬರಿಗೊಬ್ಬರು ಆಡಿರಲಿಲ್ಲ. ಅಡುಗೆಮನೆಯಲ್ಲಿದ್ದವಳು ಒಲೆ ಆರಿಸಿ ಬಂದು ಮಗಳಿಗೆ ಒತ್ತಿಕೊಂಡು ಕೂತಳು.