ಮೆಣಸಿನಕಾಯಿ ಮೇಲಿನ ತಾಡಪತ್ರಿ

ಮಳೆಗಾಲಕ್ಕೆ ಮುಂಚೆ ಕರಾವಳಿಯ ಮನೆಗಳವರು ವರ್ಷಕ್ಕಾಗುವಷ್ಟು ಮೆಣಸಿನಕಾಯಿ ತುಂಬಿಟ್ಟುಕೊಳ್ಳುತ್ತಾರೆ. ಅದಕ್ಕೇ ನಾನೂ ನನ್ನ ನೆಗೆಣ್ಣಿಯೂ, ಅಂದರೆ ಮೈದುನನ ಹೆಂಡತಿ, ಪ್ರತಿ ಬೇಸಿಗೆ ನಮ್ಮೂರು ಕದರಮಂಡಲಗಿಯಿಂದ ಚೀಲ ಹೇರಿಕೊಂಡು ಅಲ್ಲಿಗೆ ಮಾರಲು ಹೋಗುತ್ತಿದ್ದೆವು. ಆ ವರ್ಷ ಸೇತುವೆ ರಿಪೇರಿ ಎಂದು ಬಸ್ಸು ಅರ್ಧಕ್ಕೇ ನಿಂತಿತು. ಸಮುದ್ರದ ಮೇಲೆ ಮುಂದಿನ ಊರಿಗೆ ಹೋಗಲು ದೋಣಿ ಹತ್ತಿದೆವು. ನಾವಿಬ್ಬರು, ದೋಣಿಯವನು, ಆರು ಚೀಲ. ಚೀಲಗಳ ಮೇಲೆ ನಮ್ಮ ತಾಡಪತ್ರಿ ಹೊದಿಸಿ ನಾನೇ ಹಗ್ಗ ಬಿಗಿದಿದ್ದೆ.

ಹೊರಟಾಗ ಬಿಸಿಲಿತ್ತು. ಅರ್ಧ ದಾರಿಯಲ್ಲಿ ಮೋಡ ಕವಿದು ಮಳೆ ಹೊಡೆಯಿತು. ದೋಣಿಯೊಳಗೆ ನೀರು ಬಂತು, ಇಂಜಿನ್ ನಿಂತಿತು. ಮುಂದೆ ಕಪ್ಪು ಬಂಡೆಗಳು. ಗಾಳಿ ನಮ್ಮನ್ನು ಅತ್ತಲೇ ತಳ್ಳುತ್ತಿತ್ತು.

"ಅಮ್ಮ, ಆ ತಾಡಪತ್ರಿ ಬಿಚ್ಚಿ ಕೊಡಿ. ಗಳಕ್ಕೆ ಹಾಯಿ ಥರ ಕಟ್ಟಿದ್ರೆ ಬಂಡೆ ತಪ್ಪಿಸ್ಬಹುದು," ಎಂದ ದೋಣಿಯವನು.

"ಮೆಣಸಿನಕಾಯಿ ತೊಯ್ತಾವು," ಎಂದೆ.

ಅವನು ಮತ್ತೆ ಕೇಳಿದ. ಬೊಗಸೆಯಲ್ಲಿ ನೀರು ಎತ್ತಿ ಹೊರಗೆ ಚೆಲ್ಲುತ್ತಿದ್ದ ನೆಗೆಣ್ಣಿ ತಿರುಗಿದಳು.

"ಕೊಡಕ್ಕ ಲಗೂ. ನಾವ ಮುಳುಗಿದ್ರ ಖಾರ ಯಾರಿಗೆ ಅರೀತಿ?"

"ಸುಮ್ಮನ ಕುಂದ್ರು. ಮಳಿ ಈಗ ನಿಲ್ತೈತಿ."

ನಮ್ಮೂರಿನ ಬೇಸಿಗೆ ಮಳೆ ಹಾಗೆಯೇ. ತಾಡಪತ್ರಿಯ ಅಂಚು ಬಿಗಿ ಹಿಡಿದು ಕೂತರೆ ಹೋಗಿಬಿಡುತ್ತದೆ. ಸಮುದ್ರದ ಮೇಲೂ ಅಷ್ಟೇ ಎಂದುಕೊಂಡು ಅಂಚು ಹಿಡಿದು ಕೂತೆ.

ಮೂರನೆಯ ಸಲ ಅವನು ಕೇಳಲಿಲ್ಲ. ಚಾಕು ತೆಗೆದು ಹಗ್ಗ ಕೊಯ್ದ, ನನ್ನ ಕೈಯಿಂದ ತಾಡಪತ್ರಿ ಕಿತ್ತುಕೊಂಡು ಗಳಕ್ಕೆ ಕಟ್ಟಿದ. ದೋಣಿ ತಿರುಗಿತು. ಆದರೆ ಅಷ್ಟರೊಳಗೆ ಕೊನೆಯ ಬಂಡೆ ಪಕ್ಕಕ್ಕೇ ಬಂದಿತ್ತು. ನೆಗೆಣ್ಣಿ ಅದನ್ನು ದೂಡಲು ಕಾಲು ಹೊರಗೆ ಚಾಚಿದಳು. ಅಲೆ ದೋಣಿಯನ್ನು ಬಂಡೆಗೆ ಒತ್ತಿತು.

ಆಸ್ಪತ್ರೆಯಲ್ಲಿ ಅವಳ ಜಜ್ಜಿದ ಕಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸಿದರು. ಮೆಣಸಿನಕಾಯಿ ಉಪ್ಪುನೀರಲ್ಲಿ ತೊಯ್ದು ಬೂಸ್ಟು ಹಿಡಿದವು. ಅವನ್ನು ತಿಪ್ಪೆಗೆ ಹಾಕಿದೆ.

ಈಗ ಆ ಕಡೆ ಹೋಗುವುದಿಲ್ಲ. ಅವಳು ಬೆಳಗ್ಗೆ ಕೋಲೂರಿಕೊಂಡು ನನ್ನ ಅಂಗಳಕ್ಕೆ ಬಂದು ಮೆಣಸಿನಕಾಯಿಯ ತೊಟ್ಟು ಮುರಿಯುತ್ತಾಳೆ. ಮೊನ್ನೆ ಕಾಯಿ ಒಣಹಾಕಿದ್ದಾಗ ನಾಲ್ಕು ಹನಿ ಬಿದ್ದವು. ನಾನು ತಾಡಪತ್ರಿ ತರಲು ಎದ್ದು ಓಡಿದೆ.

"ಈಗ ಭಾಳ ಲಗೂ ಓಡ್ತಿ ನೋಡಕ್ಕ," ಎಂದಳು, ಕೈಯಲ್ಲಿನ ತೊಟ್ಟು ಮುರಿಯುತ್ತಲೇ.

ನಾನು ಕಾಯಿ ಮುಚ್ಚಿದೆ.