ಗುರುವಾರದ ಬ್ಯಾಕಪ್ಪು ಹಿಡಿದ ನಾಜ್ನೀನ್

ಚಾಮರಾಜನಗರದ ಆ ಬೀದಿಗೆ ಹಾಲಿನ ವ್ಯಾನು ಇನ್ನೂ ಬಂದಿಲ್ಲ. ಖಾಸಗಿ ಆಸ್ಪತ್ರೆಯೊಂದರ ಹಿಂಬದಿಯ ಗೇಟಿನಲ್ಲಿ ನಾಜ್ನೀನ್ ಸ್ಕೂಟರ್ ನಿಲ್ಲಿಸಿ, ಬಟ್ಟೆ ಒಗೆಯುವ ಕೋಣೆಯ ಪಕ್ಕದ ಬಾಗಿಲಿನ ಬೀಗ ತೆಗೆಯುತ್ತಾರೆ. ಚಪ್ಪಲಿ ಹೊರಗೆ ಬಿಡುತ್ತಾರೆ. ಒಳಗೆ ಎಸಿಯ ಚಳಿ. ಮೊಳೆಗೆ ತೂಗುಹಾಕಿದ ಸ್ವೆಟರ್ ಏರಿಸಿಕೊಂಡು, ಎದೆಮಟ್ಟದ ಕಪ್ಪು ಕಪಾಟಿನ ಮುಂದೆ ನಿಂತು ಸ್ವಲ್ಪ ಹೊತ್ತು ಬರೀ ಕೇಳಿಸಿಕೊಳ್ಳುತ್ತಾರೆ. ಒಳಗಿನ ಫ್ಯಾನುಗಳ ಸದ್ದು ಎಂದಿನಂತಿದೆ ಎಂದು ಕಿವಿಗೆ ಗೊತ್ತಾದ ಮೇಲೆಯೇ ಕಣ್ಣು ಪರದೆಯತ್ತ ಹೋಗುವುದು.

ಪರದೆಯ ಮೇಲೆ ಒಂದರ ಕೆಳಗೊಂದು ಹಸಿರು ಗುರುತು. "ಎಲ್ಲಾ ಸರಿಯಾಗವೆ. ಈಗ ಟೀ ಕುಡಿಬೋದು" ಎಂದು ನನ್ನತ್ತ ತಿರುಗಿ ನಗುತ್ತಾರೆ. ವಾರ್ಡುಗಳಲ್ಲಿ ದೀಪ ಹತ್ತಿಕೊಳ್ಳುತ್ತಿದೆ. ಅಲ್ಲಿ ಮಲಗಿರುವವರಿಗೂ, ಅವರನ್ನು ನೋಡಿಕೊಳ್ಳುವವರಲ್ಲಿ ಹೆಚ್ಚಿನವರಿಗೂ ಈ ಕೋಣೆಯೊಳಗೆ ಏನಿದೆ ಎಂಬುದು ಗೊತ್ತಿಲ್ಲ.

ಇರುವುದು ಆಸ್ಪತ್ರೆಯ ಸರ್ವರ್. ಹೊರಗಿನಿಂದ ಒಂದೇ ಯಂತ್ರ. ಒಳಗೆ ವಠಾರದ ಸಂಸಾರಗಳ ಹಾಗೆ ಹಲವು ಕಂಪ್ಯೂಟರ್‌ಗಳು ಬೇರೆ ಬೇರೆಯಾಗಿ ಬದುಕುತ್ತವೆ. ಚೀಟಿ ಕೊಡುವುದಕ್ಕೊಂದು, ಲ್ಯಾಬ್ ಮತ್ತು ಎಕ್ಸ್‌ರೇಗೆ ಒಂದು, ಔಷಧಿ ಅಂಗಡಿಗೆ ಒಂದು. ಗುಂಡ್ಲುಪೇಟೆಯ ಶಾಖೆಯ ಕೆಲಸವೂ ಇದರೊಳಗೇ ನಡೆಯುತ್ತದೆ. ಇವೆಲ್ಲದರ ನಕಲನ್ನು, ಅಂದರೆ ಬ್ಯಾಕಪ್ಪನ್ನು, ದಿನವೂ ತೆಗೆದಿಡುವುದು ನಾಜ್ನೀನ್ ಕೆಲಸ.

"ಆಸ್ಪತ್ರೇನ ನಿಲ್ಲಿಸಿ ನಕಲು ತೆಗಿಯೋಕಾಗುತ್ತಾ ಸಾರ್? ಓಡ್ತಾ ಇರೋವಾಗ್ಲೇ ತೆಗಿಬೇಕು. ಒಂದ್ ಗಳಿಗೆ ಯಾರೂ ಏನೂ ಬರಿಬೇಡಿ ಅಂತ ಒಳಗಿರೋ ಕಂಪ್ಯೂಟರ್‌ಗಳಿಗೆ ಹೇಳ್ತೀವಿ. ಆ ಗಳಿಗೇಲಿ ಎಂಗಿತ್ತೋ ಅಂಗೇ ಹಿಡ್ಕತೀವಿ. ಅದೇ ಸ್ನ್ಯಾಪ್‌ಶಾಟು. ಆಮೇಲೆ ಅದನ್ನ ನಿಧಾನಕ್ಕೆ ಬೇರೆ ಡಿಸ್ಕಿಗೆ ಸಾಗಿಸೋದು" ಎನ್ನುತ್ತಾರೆ.

ನಾಜ್ನೀನ್ ಅವರ ತಂದೆ ಅಬ್ದುಲ್ ಜಬ್ಬಾರ್ ಸಂತೇಮರಹಳ್ಳಿ ರಸ್ತೆಯ ಬದಿಯಲ್ಲಿ ಗ್ಯಾಸ್ ಒಲೆ, ಕುಕ್ಕರ್ ರಿಪೇರಿ ಮಾಡುತ್ತಾರೆ. ತಾಯಿ ರಹಮತ್ ಬಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಾರೆ. ಊರಿನ ಕಾಲೇಜಿನಲ್ಲೇ ಡಿಗ್ರಿ ಮುಗಿಸಿದ ನಾಜ್ನೀನ್ ಈ ಆಸ್ಪತ್ರೆಗೆ ಬಂದದ್ದು ಚೀಟಿ ಬರೆಯುವ ಕೆಲಸಕ್ಕೆ. ಮೈಸೂರಿನಿಂದ ರಘುನಾಥ ಎಂಬ ಎಂಜಿನಿಯರ್ ಸರ್ವರ್ ಕೂಡಿಸಲು ಬಂದಾಗ ಈಕೆ ಊಟದ ಬಿಡುವಿನಲ್ಲಿ ಹೋಗಿ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಎರಡನೆಯ ದಿನ ರಘುನಾಥ, "ಅಲ್ಯಾಕೆ ನಿಂತಿದ್ದೀರಿ, ಬನ್ನಿ, ಈ ತುದಿ ಹಿಡ್ಕೊಳ್ಳಿ" ಎಂದು ತಂತಿಯೊಂದನ್ನು ಕೈಗಿತ್ತರು. ಅವತ್ತಿನಿಂದ ಅವರೇ ಗುರು. ಈಗಲೂ ತೊಡಕು ಬಂದರೆ ಮೊದಲ ಫೋನು ಅವರಿಗೇ.

ಇನ್ನೊಂದು ಪಾಠ ಅಪ್ಪನದು. ರಿಪೇರಿ ಆದ ಒಲೆಯನ್ನು ಹೊತ್ತಿಸಿ, ನೀರು ಕಾಯಿಸಿ ನೋಡದೆ ಅವರು ಯಾರಿಗೂ ಕೊಡುವುದಿಲ್ಲ. ಮಗಳೂ ಹಾಗೆಯೇ. ಹಸಿರು ಗುರುತು ಬಂತೆಂದು ಸುಮ್ಮನಾಗದೆ, ವಾರಕ್ಕೊಮ್ಮೆ ಯಾವುದಾದರೂ ಒಂದು ನಕಲನ್ನು ಔಷಧಿ ಗೋದಾಮಿನ ಮೇಲಿರುವ ಹಳೆಯ ಸರ್ವರ್‌ಗೆ ಹಾಕಿ, ಅದು ನಿಜವಾಗಿ ಎದ್ದು ಓಡುತ್ತದೆಯೇ ಎಂದು ನೋಡುತ್ತಾರೆ.

ಇಷ್ಟು ಜತನ ಮಾಡಿದರೂ ಕಳೆದ ಬೇಸಿಗೆಯಲ್ಲಿ ಬ್ಯಾಕಪ್ಪು ಕೈಕೊಡಲು ಶುರುಮಾಡಿತು. ಬೆಳಗ್ಗೆ ಬಂದು ನೋಡಿದರೆ ಲ್ಯಾಬ್ ಕಂಪ್ಯೂಟರ್ ಎದುರು ಕೆಂಪು ಗುರುತು. ಹೊತ್ತು ಮೀರಿತು, ಸ್ನ್ಯಾಪ್‌ಶಾಟ್ ಆಗಲಿಲ್ಲ ಎಂಬ ಒಂದೇ ಸಾಲು. ನಾಜ್ನೀನ್ ಡಿಸ್ಕಿನಲ್ಲಿ ಜಾಗ ಮಾಡಿಕೊಟ್ಟರು. ಅಳಿಯದೆ ಉಳಿದಿದ್ದ ಹಳೆಯ ಸ್ನ್ಯಾಪ್‌ಶಾಟ್‌ಗಳನ್ನು ತೆಗೆದರು. ರಘುನಾಥ ಫೋನಿನಲ್ಲಿ ಹೇಳಿದಂತೆ ಒಂದೊಂದೇ ಪ್ರೋಗ್ರಾಮನ್ನು ನಿಲ್ಲಿಸಿ ಮತ್ತೆ ಶುರುಮಾಡಿದರು. ಪ್ರತಿಸಲವೂ ಒಂದೆರಡು ದಿನ ಸರಿಯಾಗುವುದು, ಸರಿಹೋಯಿತು ಎಂದುಕೊಳ್ಳುವಷ್ಟರಲ್ಲಿ ಮತ್ತೆ ಕೆಂಪು.

"ಊಟ ಸೇರ್ತಿರಲಿಲ್ಲ ಅವಳಿಗೆ. ಯಾರ್ ಬೈದ್ರು ಅಂದ್ರೆ ಯಾರೂ ಬೈದಿಲ್ಲ ಅಮ್ಮಿ ಅನ್ನೋಳು. ಮಿಶಿನ್ ಉಸಾರಿಲ್ದಿದ್ರೆ ಇವಳ್ಯಾಕೆ ಉಪವಾಸ ಮಾಡ್ಬೇಕು?" ಎಂದು ರಹಮತ್ ಬಿ ಆ ದಿನಗಳನ್ನು ನೆನೆಯುತ್ತಾರೆ.

ಸುಳಿವು ಸಿಕ್ಕಿದ್ದು ಒಂದು ಮಾತಿನ ನಡುವೆ. ಗುಂಡ್ಲುಪೇಟೆ ಶಾಖೆಯ ಹಿರಿಯ ನರ್ಸ್ ನಾಗಲಕ್ಷ್ಮಿಗೆ ನಾಜ್ನೀನ್ ಬೇರೇನೋ ಕೇಳಲು ಫೋನು ಮಾಡಿ, ಗುರುವಾರ ಬೆಳಗ್ಗೆ ಮತ್ತೆ ಮಾಡಲೇ ಎಂದಿದ್ದರು.

"ಸ್ವಾಮಾರ, ಗುರ್ವಾರ ಮಾತ್ರ ಬ್ಯಾಡ ಕಣಮ್ಮಿ," ಎಂದರು ನಾಗಲಕ್ಷ್ಮಿ. "ಈ ಬ್ಯಾಸ್ಗೆಯಿಂದ ಬಸುರಿ ಹೆಂಗಸ್ರು ಸುಗರ್ ಟೆಸ್ಟಿಗೆ ಬರ್ತಾರೆ. ಬೆಳಕರಿಯೋಕೆ ಮುಂಚೇನೆ ಬಾಗ್ಲು ತೆಗೀತೀವಿ. ಆವತ್ತು ಕೆಮ್ಮಕ್ಕೂ ಪುರ್ಸೊತ್ತಿಲ್ಲ."

ನಾಜ್ನೀನ್ ಹಿಂದಿನ ವಾರಗಳನ್ನು ತಿರುಗಿಸಿ ನೋಡಿದರು. ಕೆಂಪು ಗುರುತು ಬಂದದ್ದೆಲ್ಲ ಸೋಮವಾರ, ಗುರುವಾರವೇ.

ಆ ಗುರುವಾರ ಅವರು ಮೊದಲ ಬಸ್ಸು ಹಿಡಿದು ಗುಂಡ್ಲುಪೇಟೆಗೆ ಹೋದರು. ಹಂಗಳದ ಕಡೆಯಿಂದ, ತೆರಕಣಾಂಬಿಯಿಂದ ಖಾಲಿ ಹೊಟ್ಟೆಯಲ್ಲಿ ಹೊರಟ ಹೆಂಗಸರು ಆಗಲೇ ಬಂದಿದ್ದರು. ಲ್ಯಾಬ್ ನೋಡಿಕೊಳ್ಳುವ ಮಲ್ಲೇಶ್ ಬಂದವನೇ ಮುಖ್ಯ ಸ್ವಿಚ್ಚು ಹಾಕಿದ. ಸಿಡಿಲಿನ ಭಯಕ್ಕೆ ಸಂಜೆ ಎಲ್ಲವನ್ನೂ ಆರಿಸಿ ಹೋಗುವುದು ಅವನ ರೂಢಿ. ಸ್ವಿಚ್ಚು ಬಿದ್ದದ್ದೇ ತಡ, ಹಿಂದಿನ ಸಂಜೆಯಿಂದ ಸಾಲುಗಟ್ಟಿದ್ದ ಎಕ್ಸ್‌ರೇ ಚಿತ್ರಗಳೆಲ್ಲ ಒಟ್ಟಿಗೆ ಚಾಮರಾಜನಗರದ ಸರ್ವರ್‌ಗೆ ನುಗ್ಗಿದವು. ಸರಿಯಾಗಿ ಅದೇ ಹೊತ್ತಿಗೆ, ದಿನವೂ ನಸುಕಿನಲ್ಲಿ ಆಗುವ ಅಲ್ಲಿನ ಸ್ನ್ಯಾಪ್‌ಶಾಟು 'ಒಂದ್ ಗಳಿಗೆ ಬರಿಬೇಡಿ' ಎನ್ನುತ್ತಿತ್ತು. ಬರೆಯುವುದು ನಿಲ್ಲಲಿಲ್ಲ, ಕಾದು ಕಾದು ಅದು ಕೈಚೆಲ್ಲಿತು. ಬೇರೆ ದಿನಗಳಲ್ಲಿ ಮಲ್ಲೇಶ್ ತಡವಾಗಿ ಬರುವುದರಿಂದ ಅಷ್ಟರಲ್ಲಿ ನಕಲು ಮುಗಿದಿರುತ್ತಿತ್ತು.

"ನಂದೇ ತಪ್ಪಾ ಅಕ್ಕ? ನಾಳಿಂದ ಸ್ವಿಚ್ಚು ತಡವಾಗಾಕ್ತೀನಿ ಬುಡಿ" ಎಂದ ಮಲ್ಲೇಶ್, ಮುಖ ಸಪ್ಪಗೆ ಮಾಡಿಕೊಂಡು.

"ನಿಂದೇನೂ ತಪ್ಪಿಲ್ಲ ಕಣೋ. ಇವರು ಆನೆ ಓಡಾಡೋ ದಾರೀಲಿ ಕತ್ತಲಲ್ಲಿ ಎದ್ದು ಬಂದವ್ರೆ. ಬ್ಯಾಕಪ್ಪೇನು ಹಸ್ಕೊಂಡಿದೆಯಾ? ಅದು ಕಾಯ್ಲಿ" ಎಂದರು ನಾಜ್ನೀನ್.

ವಾಪಸು ಬರುವ ಬಸ್ಸಿನಲ್ಲೇ ರಘುನಾಥರಿಗೆ ಫೋನು ಮಾಡಿದರು. ಅವರೂ ಒಪ್ಪಿದರು. ಸೋಮವಾರ, ಗುರುವಾರಗಳಂದು ಸಕ್ಕರೆ ನೀರು ಕುಡಿಸಿ ತೆಗೆಯುವ ಎರಡನೆಯ ಸಲದ ರಕ್ತವನ್ನೂ ತೆಗೆದಾದ ಮೇಲೆ, ಲ್ಯಾಬಿನವರು ಊಟಕ್ಕೆ ಏಳುವ ಹೊತ್ತಿಗೆ ಸ್ನ್ಯಾಪ್‌ಶಾಟ್ ಆಗುವಂತೆ ಬದಲಾಯಿಸಿದರು. ಮುಂದಿನ ಸೋಮವಾರ ಹಸಿರು, ಗುರುವಾರವೂ ಹಸಿರು. ಆಸ್ಪತ್ರೆಯಲ್ಲಿ ಯಾರಿಗೂ ಏನೂ ತಿಳಿಯಲಿಲ್ಲ. ನಾಜ್ನೀನ್ ಮಾತ್ರ ಸಂಜೆ ಮನೆಗೆ ಅರ್ಧ ಕೇಜಿ ಜಿಲೇಬಿ ಒಯ್ದರು.

ಆ ಬದಲಾವಣೆಯ ಬೆಲೆ ಎಲ್ಲರಿಗೂ ಗೊತ್ತಾದದ್ದು ಮಳೆಗಾಲದ ಒಂದು ಗುರುವಾರ. ಮಧ್ಯಾಹ್ನ ಊಟದ ಹೊತ್ತು ಕಳೆದ ಮೇಲೆ ಕರೆಂಟು ಹೋಗಿ ಬಂದು, ಹೋಗಿ ಬಂದು, ಸರ್ವರ್‌ನ ಡಿಸ್ಕುಗಳು ಕೆಟ್ಟು ನಿಂತವು. ಎರಡೂ ಊರುಗಳಲ್ಲಿ ಪರದೆಗಳು ಖಾಲಿಯಾದವು. ಗುಂಡ್ಲುಪೇಟೆಯಲ್ಲಿ ಡಾಕ್ಟರ್ ಬಂದು ಕುಳಿತಿದ್ದರು, ಬೆಳಗಿನಿಂದ ಕಾದ ಹೆಂಗಸರೂ ಇದ್ದರು. ವರದಿ ಮಾತ್ರ ಇರಲಿಲ್ಲ. ಲ್ಯಾಬಿನ ಹಳೆಯ ಯಂತ್ರ ಫಲಿತಾಂಶವನ್ನು ಸರ್ವರ್‌ಗೆ ಕಳಿಸಿದ ಮೇಲೆ ತನ್ನಲ್ಲಿ ಇಟ್ಟುಕೊಳ್ಳುವುದಿಲ್ಲ. ವರದಿ ಕಳೆದರೆ ಅಷ್ಟೂ ಜನ ಇನ್ನೊಂದು ದಿನ ಉಪವಾಸವಿದ್ದು, ಕಾಡಂಚಿನ ದಾರಿಯಲ್ಲಿ ನಸುಕಿಗೆ ಹೊರಟು ಬರಬೇಕು. ಹಂಗಳದ ಕಡೆಗೆ ಹೋಗುವ ಸಂಜೆಯ ಬಸ್ಸಿಗೆ ಹೆಚ್ಚು ಹೊತ್ತಿರಲಿಲ್ಲ.

ನಾಜ್ನೀನ್ ಗೋದಾಮಿನ ಮೆಟ್ಟಿಲು ಹತ್ತಿ ಹಳೆಯ ಸರ್ವರ್ ಮುಂದೆ ಕುಳಿತರು. ಎಲ್ಲವನ್ನೂ ಒಟ್ಟಿಗೆ ಎಬ್ಬಿಸುವ ಶಕ್ತಿ ಅದಕ್ಕಿಲ್ಲ. ಯಾವುದು ಮೊದಲು ಎಂದು ಮುಖ್ಯ ವೈದ್ಯರನ್ನು ಕೇಳಿದರು. "ಲ್ಯಾಬ್ ಮೊದಲು. ಚೀಟಿ ಕೈಯಲ್ಲಿ ಬರೀತೀವಿ, ಔಷಧಿ ಬಿಲ್ಲೂ ಕೈಯಲ್ಲೇ. ನೀನು ಗಾಬರಿಯಾಗಬೇಡಮ್ಮ" ಎಂದ ವೈದ್ಯರು ತಾವೇ ಚೀಟಿ ಕೌಂಟರಿಗೆ ಹೋಗಿ ಕುಳಿತರು. ರಘುನಾಥ ಮೈಸೂರಿನಿಂದ ಹೊಸ ಡಿಸ್ಕುಗಳೊಂದಿಗೆ ಕಾರು ಹತ್ತಿದರು.

"ಊಟದ ಹೊತ್ತಿನ ನಕಲು ಇದೆ ಅಂತ ಗೊತ್ತಿತ್ತು. ಆದ್ರೂ ಅದು ಏಳೋವರ್ಗೂ ಪರದೆಯಿಂದ ಕಣ್ಣು ತೆಗೀಲಿಲ್ಲ" ಎನ್ನುತ್ತಾರೆ ನಾಜ್ನೀನ್.

ಅತ್ತ ಗುಂಡ್ಲುಪೇಟೆಯಲ್ಲಿ ಸೊಸೆಯನ್ನು ಕರೆತಂದಿದ್ದ ಹಂಗಳದ ಪುಟ್ಟಬಸಮ್ಮ ಬಸ್ಸು ತಪ್ಪೀತೆಂದು ಎದ್ದು ನಿಂತಿದ್ದರು. ನಾಗಲಕ್ಷ್ಮಿ ಅವರ ಕೈ ಹಿಡಿದು ಕೂರಿಸಿದರು. "ಇನ್ನೊಸಿ ತಡ್ಕವ್ವ. ಚಾಮ್ರಾಜನಗರದಲ್ಲಿ ನಮ್ಮುಡುಗಿ ಕುಂತವಳೆ."

ಸ್ವಲ್ಪ ಹೊತ್ತಿನಲ್ಲಿ ನಾಜ್ನೀನ್ ಫೋನು ಬಡಿದುಕೊಂಡಿತು. ಮಲ್ಲೇಶ್. "ಬಂತು ಕಣಕ್ಕ. ಬೆಳಿಗ್ಗೆದೆಲ್ಲಾ ಬಂತು. ಒಂದೂ ಓಗಿಲ್ಲ." ಹಿಂದಿನಿಂದ ಹೆಂಗಸರ ನಗು, ಪ್ರಿಂಟರಿನ ಸದ್ದು ಕೇಳುತ್ತಿತ್ತು. ಡಾಕ್ಟರ್ ಒಬ್ಬೊಬ್ಬರನ್ನೇ ಕರೆದು ನೋಡಿದರು. ಪುಟ್ಟಬಸಮ್ಮನ ಸೊಸೆಗೆ ಸಕ್ಕರೆ ಅಂಶ ಏರಿರುವುದು ಅಂದೇ ತಿಳಿದು, ಮದ್ದು ಶುರುವಾಯಿತು. ಸಂಜೆಯ ಬಸ್ಸಿನಲ್ಲಿ ಎಲ್ಲರೂ ವರದಿ ಹಿಡಿದೇ ಊರಿಗೆ ಹೋದರು. ಸೊಸೆಗೆ ಈಗ ಹೆಣ್ಣು ಮಗು. ತಾಯಿ, ಮಗು ಇಬ್ಬರೂ ಕ್ಷೇಮ.

ಇಷ್ಟಾದರೂ ಮನೆಯ ಬೀದಿಯವರ ಲೆಕ್ಕದಲ್ಲಿ ನಾಜ್ನೀನ್ 'ಆಸ್ಪತ್ರೇಲಿ ಕೆಲಸ ಮಾಡೋಳು'. ಮಗುವಿಗೆ ಕೆಮ್ಮು ಎಂದರೆ ಬಾಗಿಲು ತಟ್ಟುತ್ತಾರೆ, ಮಂಡಿ ನೋವಿಗೆ ಮಾತ್ರೆ ಕೇಳುತ್ತಾರೆ. "ನಾನು ಡಾಕ್ಟರಲ್ಲ ಅಂತ ಹೇಳಿ ಸಾಕಾಗಿ, ಈಗ ಚೀಟಿ ಮಾಡ್ಸಿಕೊಟ್ಟು ಕರ್ಕೊಂಡ್ ಹೋಗ್ತೀನಿ" ಎನ್ನುತ್ತಾರೆ.

ಹೊರಡುವ ಮುನ್ನ, ನಿಮಗೇನಾದರೂ ಆಸೆ ಇದೆಯೇ ಎಂದು ಕೇಳಿದೆ. ಹೊಸ ಸರ್ವರ್ ಎನ್ನುತ್ತಾರೆ ಎಂದುಕೊಂಡಿದ್ದೆ. ಅವರು ಸ್ವೆಟರ್ ಬಿಚ್ಚಿ ಮೊಳೆಗೆ ಹಾಕಿದರು.

"ಗುಂಡ್ಲುಪೇಟೆ ಲ್ಯಾಬಲ್ಲಿ ಬೆಂಚು ಸಾಲಲ್ಲ ಸಾರ್. ಬಸುರಿಯರು ಗೋಡೆಗೆ ಒರಗಿ ನಿಂತಿರ್ತಾರೆ. ಪೇಪರಲ್ಲಿ ನನ್ ವಿಷ್ಯ ಕಮ್ಮಿ ಬರೆದ್ರೂ ಪರವಾಗಿಲ್ಲ, ಇನ್ನೊಂದು ಬೆಂಚು ಬೇಕು ಅಂತ ಮಾತ್ರ ಬರೀರಿ."