ಚೂಡಾಮಣಿಯವರ ಬೆರಳು ಬಲ್ಲ ಕಂಪ್ಯೂಟರ್

ಚಾಮರಾಜಪೇಟೆಯ ನಾಗಭೂಷಣ್ ಅವರ ಲಗ್ನಪತ್ರಿಕೆ ಪ್ರೆಸ್ಸಿನಲ್ಲಿ ಚೂಡಾಮಣಿಯವರು ಟೈಪ್ ಮಾಡಲು ಕೂತರೆಂದರೆ ಪರದೆಯ ಕಡೆ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಟೈಪಿಂಗ್ ಕಲಿಸಿದ ಮೇಷ್ಟ್ರು ಹಾಕಿದ ಅಭ್ಯಾಸವೇ ಹಾಗೆ. ಕಣ್ಣು ಕರಡಿನ ಮೇಲೆ, ಬೆರಳು ಕೀಲಿಗಳ ಮೇಲೆ. ತಲೆ ಎತ್ತುವುದು ಪುಟ ಮುಗಿದ ಮೇಲೆಯೇ. ಟೈಪ್‌ರೈಟರ್ ಹೋಗಿ ಕಂಪ್ಯೂಟರ್ ಬಂತು, ಕರಿ ಕೂದಲು ಹೋಗಿ ಬಿಳಿ ಕೂದಲು ಬಂತು. ಅವರ ಬೆರಳುಗಳು ಮಾತ್ರ ಹಳೇ ಟೈಪ್‌ರೈಟರಿನಲ್ಲಿ ಅಕ್ಷರಗಳಿದ್ದ ಜಾಗ ಬಿಟ್ಟು ಕದಲಲಿಲ್ಲ.

ಮಧ್ಯಾಹ್ನದ ಮೇಲೆ ಅದೇ ಕಂಪ್ಯೂಟರಿಗೆ ಯಶಶ್ರೀ ಎಂಬ ಹುಡುಗಿ ಕೂರುತ್ತಿದ್ದಳು. ಅವಳದು ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಬರಿಸುವ ಈಗಿನವರ ಕೀಲಿ ವಿನ್ಯಾಸ. ಬೆಳಿಗ್ಗೆ ಚೂಡಾಮಣಿಯವರು ಅದನ್ನು ಬದಲಾಯಿಸದೆ ಶುರುಮಾಡಿದರೆ ಪುಟದ ತುಂಬ ಕಲಸುಮೇಲೋಗರ. ಅವರು ಬದಲಾಯಿಸುವುದನ್ನು ಮರೆಯುತ್ತಿದ್ದರು. ಮರೆತೆ ಎಂದು ಒಪ್ಪಿಕೊಳ್ಳುತ್ತಲೂ ಇರಲಿಲ್ಲ, ಅದು ಬೇರೆ ಮಾತು. ಕೊನೆಗೆ ಯಶಶ್ರೀಯ ಅಣ್ಣ ಸಮರ್ಥ ಒಂದು ಉಪಾಯ ಹೂಡಿದ. ಚೂಡಾಮಣಿಯವರಿಗೆ ಕಪ್ಪು ಕೀಬೋರ್ಡು, ತಂಗಿಗೆ ಬಿಳಿಯದು. ಯಾವುದನ್ನು ಸಿಕ್ಕಿಸಿದ್ದಾರೆಂದು ಕಂಪ್ಯೂಟರ್ ಶುರುವಾಗುವಾಗ ತಾನೇ ನೋಡಿಕೊಂಡು, ಅದಕ್ಕೆ ತಕ್ಕ ವಿನ್ಯಾಸ ಹಾಕಿಕೊಳ್ಳುವಂತೆ ಪ್ರೋಗ್ರಾಮ್ ಬರೆದುಕೊಟ್ಟ. ಪ್ರೆಸ್ಸಿನಲ್ಲಿ ಎಲ್ಲರಿಗೂ ನೆಮ್ಮದಿಯಾಯಿತು.

ಅಷ್ಟರಲ್ಲಿ ಆಯುಧಪೂಜೆ ಬಂತು. ಕಂಪ್ಯೂಟರಿಗೆ ಕುಂಕುಮವಿಟ್ಟು ಸೇವಂತಿಗೆ ಮುಡಿಸುತ್ತಿದ್ದ ಚೂಡಾಮಣಿಯವರಿಗೆ, ಬಿಳಿ ಕೀಬೋರ್ಡು ಕಪಾಟಿನಲ್ಲಿ ಒಂಟಿಯಾಗಿ ಬಿದ್ದಿರುವುದು ಕಣ್ಣಿಗೆ ಬಿತ್ತು. ಮನಸ್ಸು ಕೇಳಲಿಲ್ಲ.

"ಅದೂ ದುಡಿದಿದೆ ಕಣೇ ಯಶೂ. ಪೂಜೆ ದಿನ ಅದನ್ನ ಉಪವಾಸ ಕೆಡವೋದಾ?" ಎನ್ನುತ್ತಾ ಎರಡನ್ನೂ ಸಿಕ್ಕಿಸಿ, ಎರಡಕ್ಕೂ ಅಕ್ಷತೆ ಹಾಕಿದರು.

ಮಾರನೇ ದಿನ ವಿಜಯದಶಮಿ. ರಾಮಸ್ವಾಮಿ ಎಂಬ ಹಳೇ ಗಿರಾಕಿ, ಮೊಮ್ಮಗಳ ಲಗ್ನಪತ್ರಿಕೆಯ ಮೊದಲ ಪ್ರತಿಯನ್ನು ಅಂದೇ ದೇವರ ಮುಂದಿಡಬೇಕೆಂದು ಬಂದು ಕಾದು ಕೂತಿದ್ದರು. ಪೂಜೆಯಾದ ಮೇಲೂ ಕಳಚದೇ ಉಳಿದ ಎರಡೆರಡು ಕೀಬೋರ್ಡು ಕಂಡು ಗಲಿಬಿಲಿಗೊಂಡ ಕಂಪ್ಯೂಟರ್ ಬಿಳಿಯದನ್ನೇ ನಂಬಿತ್ತು. ಚೂಡಾಮಣಿಯವರು ಎಂದಿನ ಭರದಲ್ಲಿ ಇಡೀ ಪುಟ ಹೊಡೆದು, ಗಿರಾಕಿ ಕಾಯುತ್ತಿದ್ದಾರೆಂಬ ಅವಸರಕ್ಕೆ ಪ್ರಿಂಟನ್ನೂ ಕೊಟ್ಟುಬಿಟ್ಟರು. ಕುಲದೇವರ ಹೆಸರಿರಬೇಕಾದ ಕಡೆ ಏನೇನೋ ಒತ್ತಕ್ಷರಗಳು ಗುಡ್ಡೆ ಬಿದ್ದಿದ್ದವು.

"ಶುಭಕಾರ್ಯಕ್ಕೆ ಮೊದಲ್ನೇ ಕಾಗದಾನೇ ಹಿಂಗಾ?" ಎಂದ ರಾಮಸ್ವಾಮಿಯವರ ಮುಖ ಸಣ್ಣಗಾಯಿತು.

ಅವರನ್ನು ಸಮಾಧಾನ ಮಾಡಿ ಕಳಿಸುವಷ್ಟರಲ್ಲಿ ನಾಗಭೂಷಣ್ ಅವರಿಗೆ ಸಾಕುಬೇಕಾಗಿತ್ತು. "ಸೋಮವಾರದಿಂದ ಎಲ್ರೂ ಯಶಶ್ರೀ ಥರಾನೇ ಹೊಡೀಬೇಕು. ಆಗಲ್ಲ ಅಂದ್ರೆ ನೀವು ಮನೇಲಿ ಆರಾಮಾಗಿರಿ ಚೂಡಾಮಣಿಯವರೇ," ಎಂದರು.

ಆರಾಮ! ಪ್ರೆಸ್ಸಿಲ್ಲದಿದ್ದರೆ ಬೆಳಿಗ್ಗೆ ತಿಂಡಿ ಆದ ಮೇಲೆ ಎಲ್ಲಿಗೆ ಹೋಗುವುದೆಂದೇ ಚೂಡಾಮಣಿಯವರಿಗೆ ಗೊತ್ತಿರಲಿಲ್ಲ. ಹೊಸ ವಿನ್ಯಾಸದಲ್ಲಿ ಕೂತು ಪ್ರಯತ್ನಿಸಿದರು. ಬೆರಳು ಹಟ ಹಿಡಿದು ಹಳೇ ಜಾಗಕ್ಕೇ ಓಡಿತು. ಯಶಶ್ರೀಯ ಎದುರೇ ಗಳಗಳನೆ ಅತ್ತುಬಿಟ್ಟರು.

ಯಶಶ್ರೀ ಆಗಲೇ ಅಣ್ಣನಿಗೆ ಫೋನ್ ಮಾಡಿದಳು. "ಅಣ್ಣಾ, ಕೀಬೋರ್ಡ್ ನೋಡೋದು ಬಿಟ್ಟಾಕು. ಕೂತಿರೋದು ಚೂಡಾಮಣಿ ಆಂಟಿಯೋ ನಾನೋ ಅಂತ ನೋಡೋ ಹಾಗೆ ಮಾಡು."

ಸೋಮವಾರ ಕಂಪ್ಯೂಟರ್ ಹಾಕಿದೊಡನೆ ಪರದೆ ಹೆಸರು ಕೇಳಿತು. "ನಿಮ್ಮ ಪಾಡಿಗೆ ನೀವು ಹೆಸರು ಹೊಡೀರಿ ಆಂಟಿ. ಯಾವ್ಯಾವ ಕೀ ಒತ್ತಿದ್ರಿ ಅಂತ ನೋಡಿ, ನಿಮ್ಮ ಲೇಔಟ್ ಯಾವ್ದು ಅಂತ ಅದೇ ತಿಳ್ಕೊಳ್ಳುತ್ತೆ," ಎಂದ ಪ್ರೆಸ್ಸಿಗೇ ಬಂದಿದ್ದ ಸಮರ್ಥ. ನಾಗಭೂಷಣ್ ಕೈಕಟ್ಟಿ ನಿಂತಿದ್ದರು. ಚೂಡಾಮಣಿಯವರು ಹಳೇ ಜಾಗದಲ್ಲೇ ಬೆರಳಿಟ್ಟು ಹೆಸರು ಹೊಡೆದರು. ಆಮೇಲೆ ಪುಟ ಓಡಿತು.

ನಾಗಭೂಷಣ್ ಪ್ರಿಂಟನ್ನು ಕುಲದೇವರಿಂದ ಹಿಡಿದು ಕಲ್ಯಾಣಮಂಟಪದ ವಿಳಾಸದವರೆಗೆ ಓದಿದರು. ತಪ್ಪು ಹುಡುಕಿದರು, ಸಿಗಲಿಲ್ಲ.

"ನಾಳೆ ಸ್ವಲ್ಪ ಬೇಗ ಬಂದ್ಬಿಡಿ, ಮದುವೆ ಸೀಸನ್ನು," ಎಂದರು.

ಚೂಡಾಮಣಿಯವರು ಸೆರಗಿನಿಂದ ಕಣ್ಣೊರೆಸಿಕೊಂಡರು. "ಇಲ್ಲಿಗೆ ಬರ್ದೆ ಇನ್ನೆಲ್ಲಿಗೆ ಹೋಗ್ಲಿ ಸಾರ್, ನಂಗಿರೋದು ಇದೊಂದೇ ಜಾಗ."